ಕೋಡಿಬೆಂಗ್ರೆಗೆ ಹೊರಡುವ ಮೊದಲು ತಿಥಿ ನೋಡಿ

ನಮ್ಮ ದೊಡ್ಡಮ್ಮನ ಮನೆ ಹೂಡೆಯಲ್ಲಿ, ಹೊಳೆ ಕಡಲಿಗೆ ಸೇರುವ ಕೋಡಿಬೆಂಗ್ರೆಗೆ ಹೋಗುವ ದಾರಿಯಲ್ಲಿ. ಹಾಗಾಗಿ ಬೆಂಗಳೂರಿನಿಂದ ಯಾರು ಉಡುಪಿಗೆ ಬಂದರೂ "ಕೋಡಿಬೆಂಗ್ರೆಗೆ ಎಷ್ಟೊತ್ತಿಗೆ ಹೋಗೋದು?" ಅಂತ ನನಗೇ ಫೋನ್ ಮಾಡುತ್ತಾರೆ. ನಾನು ಮೊದಲು ಗೋಡೆಯ ಕ್ಯಾಲೆಂಡರ್ ನೋಡುತ್ತೇನೆ. ಅವತ್ತು ತಿಥಿ ಯಾವುದು ಅಂತ.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಕಡಲಿನ ಉಬ್ಬರಕ್ಕೆ ಮಧ್ಯಾಹ್ನದೊಳಗೆ ಹೊಳೆ ತುಂಬುತ್ತದೆ, ಸಂಜೆಗೆ ಚೆನ್ನಾಗಿ ಇಳಿಯುತ್ತದೆ. ಆ ದಿನಗಳಲ್ಲಿ ನೀರು ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಕೆಸರು, ಏಡಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರು ನೋಡಬೇಕಾದರೆ ಇಳಿತಕ್ಕೆ ಹೋಗಿ. ದೋಣಿಯಲ್ಲಿ ಕುದ್ರುಗಳ (ಹೊಳೆ ನಡುವಿನ ದ್ವೀಪಗಳ) ಸುತ್ತ ತಿರುಗಬೇಕಾದರೆ ನೀರು ತುಂಬಿರುವಾಗ. ಎರಡೂ ಒಂದೇ ಗಂಟೆಯಲ್ಲಿ ಸಿಗುವುದಿಲ್ಲ, ಅಲ್ವಾ?

ಬೆಂಗ್ರೆ ಅಂದರೆ ಹೊಳೆಗೂ ಕಡಲಿಗೂ ನಡುವಿನ ಮರಳ ಪಟ್ಟಿ. ಕೋಡಿ ಅಂದರೆ ತುದಿ. ಹೆಸರಿನಲ್ಲೇ ನಕ್ಷೆ ಇದೆ. ಸುವರ್ಣಾ, ಸೀತಾ ಎರಡೂ ನದಿಗಳು ಸೇರಿ ಕಡಲಿಗೆ ಬೀಳುವುದು ಈ ತುದಿಯ ಹತ್ತಿರ. ಉಡುಪಿಯಿಂದ ಸಂತೆಕಟ್ಟೆ, ಕೆಮ್ಮಣ್ಣು, ಹೂಡೆ ದಾಟಿ ಬನ್ನಿ. ಮಲ್ಪೆಯಿಂದ ಕಡಲ ಬದಿಯ ರಸ್ತೆಯೂ ಉಂಟು, ನನಗೆ ಅದೇ ಇಷ್ಟ. ಹೊಳೆಯಾಚೆಯ ಹಂಗಾರಕಟ್ಟೆಯಲ್ಲಿ ನಿಂತರೆ ಊರು ಎದುರಿಗೇ ಕಾಣುತ್ತದೆ, ಆದರೆ ರಸ್ತೆಯಲ್ಲಿ ದೊಡ್ಡ ಸುತ್ತು. ಆ ಕಡೆಯವರು ಹೊಳೆ ದಾಟಿಸುವ ಬಾರ್ಜ್ ಇದೆಯಾ ಅಂತ ಕೇಳಿಕೊಂಡೇ ಹೊರಡಿ.

ಎಲ್ಲರೂ ಸೀದಾ ಬೀಚಿಗೆ ಓಡುತ್ತಾರೆ. ನೀವು ಮೊದಲು ಹೊಳೆ ಬದಿಗೆ ಹೋಗಿ. ನೀರು ಇಳಿದಾಗ ಕಾಂಡ್ಲಾ ಗಿಡಗಳ ಬುಡದಲ್ಲಿ ಪೆನ್ಸಿಲ್ ನೆಟ್ಟ ಹಾಗೆ ನೂರಾರು ಬೇರುಗಳು ಮೇಲಕ್ಕೆ ಮುಖ ಮಾಡಿ ನಿಂತಿರುತ್ತವೆ. ಕೆಸರಿನೊಳಗೆ ಗಾಳಿ ಇಲ್ಲ, ಅದಕ್ಕೇ ಉಸಿರಾಡಲು ಹೊರಗೆ ಬಂದಿವೆ. ಅವನ್ನು ತುಳಿಯಬೇಡಿ. ಅದೇ ಗಿಡದ ಒಂದು ಎಲೆಯನ್ನು ನಾಲಿಗೆಗೆ ತಾಗಿಸಿ ನೋಡಿ. ಉಪ್ಪು! ಹೀರಿದ ಉಪ್ಪನ್ನು ಗಿಡ ಎಲೆಯಿಂದ ಹೊರಗೆ ಹಾಕುತ್ತದೆ. ಮಳೆಯಿಲ್ಲದ ದಿನ ಬಿಸಿಲಿಗೆ ಹಿಡಿದರೆ ಸಣ್ಣ ಹರಳು ಮಿನುಗುವುದೂ ಕಾಣುತ್ತದೆ. ನನ್ನ ತಂಗಿಯ ಮಗ ಒಂದಾದ ಮೇಲೆ ಒಂದು ನೆಕ್ಕುತ್ತಾ ನಿಂತಿದ್ದ, ಎಳೆದುಕೊಂಡು ಬರಬೇಕಾಯಿತು.

ಕೆಸರಿಗೆ ಚಪ್ಪಲಿ ಆಗುವುದಿಲ್ಲ. ಹೊಸ ಚಪ್ಪಲಿ ಹಾಕಿಕೊಂಡು ಇಳಿದಿದ್ದೆ ಒಮ್ಮೆ. ಮೊಣಕಾಲವರೆಗೆ ಹೂತು, ಕಾಲು ಮಾತ್ರ ಮೇಲೆ ಬಂತು. ದಡದಲ್ಲಿದ್ದ ದೊಡ್ಡಮ್ಮ "ಎಂತ ಮಾರಾಯ್ತಿ, ಮದುವೆಗೆ ಹೊರಟದ್ದಾ?" ಅಂದರು. ಬಲಗಾಲಿನದ್ದು ಈಗಲೂ ಅಲ್ಲೇ ಎಲ್ಲೋ ಇರಬೇಕು. ಬೆಲ್ಟ್ ಇರುವ ಹಳೇ ಸ್ಯಾಂಡಲ್ ಹಾಕಿ, ಗಟ್ಟಿ ಮರಳು ಇರುವಲ್ಲೇ ನಡೆಯಿರಿ. ಬರಿಗಾಲು ಬೇಡ, ಚಿಪ್ಪು ಕೊಯ್ಯುತ್ತದೆ.

ಇಳಿತದ ಹೊತ್ತಿಗೆ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಮರುವಾಯಿ (ಚಿಪ್ಪುಮೀನು) ಹೆಕ್ಕುವವರು ಕಾಣಬಹುದು. ಅವರಿಗೆ ಅದು ದಿನದ ದುಡಿಮೆ. ಫೋಟೋ ಬೇಕಾದರೆ ಕೇಳಿ ತೆಗೆಯಿರಿ. ಮಾರುವುದಿದ್ದರೆ ಕೊಳ್ಳಿ, ಸುಮ್ನೆ ಚೌಕಾಸಿ ಬೇಡ. ಯಾರಾದರೂ ಮರುವಾಯಿ ಹಾಕಿ ಪುಂಡಿ (ಅಕ್ಕಿ ಉಂಡೆ) ಮಾಡಿ ಬಡಿಸಿದರೆ ಊಟಕ್ಕೆ ಬೇರೆ ಪ್ಲಾನ್ ಇದ್ದರೂ ಬಿಟ್ಟುಬಿಡಿ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ಬಂದು ತಾಜಾ ಅಂಜಲ್ ಮೀನು ಎಲ್ಲಿ ಅಂತ ಕೇಳಬೇಡಿ.

ಒಂದು ವಿಷಯದಲ್ಲಿ ಮಾತ್ರ ನಾನು ಜಗಳಕ್ಕೂ ರೆಡಿ. ಅಳಿವೆಯಲ್ಲಿ, ಅಂದರೆ ಹೊಳೆ ಕಡಲಿಗೆ ಸೇರುವ ಬಾಯಿಯಲ್ಲಿ, ಈಜಬೇಡಿ. ಮೇಲೆ ಕೆರೆಯ ಹಾಗೆ ಶಾಂತವಾಗಿ ಕಾಣುತ್ತದೆ, ಇಳಿತದಲ್ಲಿ ಹೊಳೆಯ ನೀರೆಲ್ಲ ಆ ಬಾಯಿಯಿಂದಲೇ ಕಡಲಿಗೆ ನುಗ್ಗುತ್ತದೆ. ಈಜು ಬಲ್ಲವರನ್ನೂ ಎಳೆದುಕೊಂಡು ಹೋಗುತ್ತದೆ. ಪಾದ ನೆನೆಸಿಕೊಳ್ಳಬೇಕೆಂದರೆ ಅಲ್ಲಿಂದ ತೆಂಕಕ್ಕೆ ದೂರ ನಡೆದು ಬನ್ನಿ.

ಬಸ್ಸಲ್ಲಿ ಬಂದಿದ್ದರೆ ಇಳಿಯುವಾಗಲೇ ಕಂಡಕ್ಟರ್ ಹತ್ತಿರ ಕೊನೆಯ ಬಸ್ ಎಷ್ಟೊತ್ತಿಗೆ ಅಂತ ಕೇಳಿಟ್ಟುಕೊಳ್ಳಿ.