ಸಣ್ಣ ಕಾಲೇಜುಗಳ ಬ್ಯಾಸ್ಕೆಟ್‌ಬಾಲ್: ಯಾವ ಕಾನ್ಫರೆನ್ಸ್ ಗಟ್ಟಿ ಎಂದು ಅಳೆಯುವುದು ಹೇಗೆ?

ಹಾಳೂರಿಗೆ ಉಳಿದವನೇ ಗೌಡ. ಅಮೆರಿಕದ ಸಣ್ಣ ಕಾಲೇಜುಗಳ ಬ್ಯಾಸ್ಕೆಟ್‌ಬಾಲ್‌ನಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಇಂಥ ಗೌಡರು ನಲವತ್ತಕ್ಕೂ ಹೆಚ್ಚು ಮಂದಿ ತಯಾರಾಗಿರುತ್ತಾರೆ, ಕಾನ್ಫರೆನ್ಸ್‌ಗೆ ಒಬ್ಬರಂತೆ. ಕಾನ್ಫರೆನ್ಸ್ ಎಂದರೆ ಪ್ರತಿ ವರ್ಷ ತಮ್ಮತಮ್ಮೊಳಗೆ ಆಡುವ ಕಾಲೇಜುಗಳ ಗುಂಪು. ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆ ಡಿವಿಷನ್ 3 ಎಂದು ಕರೆಯುವ ಈ ಹಂತದಲ್ಲಿ 400ಕ್ಕೂ ಹೆಚ್ಚು ಕಾಲೇಜುಗಳಿವೆ. ಕ್ರೀಡೆಗೆಂದು ವಿದ್ಯಾರ್ಥಿವೇತನ ಕೊಡುವಂತಿಲ್ಲ, ಪಂದ್ಯಗಳು ದೊಡ್ಡ ಟಿವಿ ವಾಹಿನಿಗಳಲ್ಲಿ ಅಪರೂಪ. ಯಾರೂ ಎಲ್ಲ ತಂಡಗಳನ್ನು ಕಣ್ಣಾರೆ ನೋಡಿರುವುದಿಲ್ಲ. ಆದರೂ ‘ನಮ್ಮ ಕಾನ್ಫರೆನ್ಸೇ ಗಟ್ಟಿ’ ಎಂಬ ಜಗಳಕ್ಕೆ ಬರವಿಲ್ಲ.

ನಮ್ಮ ಓದುಗರಿಗೆ ಇವುಗಳಲ್ಲಿ ಕೆಲವು ಹೆಸರು ಬೇರೆ ಕಾರಣಕ್ಕೆ ಪರಿಚಿತ. ಎಂ.ಎಸ್. ಅರ್ಜಿ ಹಾಕುವವರ ಪಟ್ಟಿಯಲ್ಲಿರುವ ಕಾರ್ನೆಗಿ ಮೆಲನ್, ಎನ್‌ವೈಯು, ಕೇಸ್ ವೆಸ್ಟರ್ನ್, ಎಮೊರಿ ಎಲ್ಲವೂ ಯುಎಎ ಎಂಬ ಒಂದೇ ಕಾನ್ಫರೆನ್ಸ್‌ನವು. ಓದಿನಲ್ಲಿ ಹೆಸರಿದ್ದರೆ ಆಟದಲ್ಲಿ ಸಪ್ಪೆ ಎಂದುಕೊಳ್ಳಬೇಡಿ. 2025ರ ಪುರುಷರ ಫೈನಲ್‌ನಲ್ಲಿ ಎನ್‌ವೈಯು ಸೋತದ್ದು ನಾಲ್ಕೇ ಅಂಕಗಳಿಂದ. ಗೆದ್ದ ಟ್ರಿನಿಟಿ ನೆಸ್ಕ್ಯಾಕ್ ಎಂಬ ಇನ್ನೊಂದು ಕಾನ್ಫರೆನ್ಸ್‌ನ ತಂಡ. ಹಾಗಾದರೆ ನೆಸ್ಕ್ಯಾಕ್ ಗಟ್ಟಿಯೇ, ಯುಎಎ ಗಟ್ಟಿಯೇ? ಆ ಒಂದು ಪಂದ್ಯದಿಂದ ಹೇಳಲಾಗದು. ಹೇಳಲು ಬೇಕಾದದ್ದು ಒಂದು ಸ್ಪ್ರೆಡ್‌ಶೀಟ್, ಎರಡು ಸಂಜೆ, ಸ್ವಲ್ಪ ತಾಳ್ಮೆ.

ಹಂತ 1: ಪಂದ್ಯಗಳನ್ನು ಇಳಿಸಿಕೊಳ್ಳಿ

ಕಾಲೇಜು ಮತ್ತು ಕಾನ್ಫರೆನ್ಸ್‌ಗಳ ಜಾಲತಾಣಗಳಲ್ಲಿ ಎಲ್ಲ ಫಲಿತಾಂಶ ಸಿಗುತ್ತದೆ. ಒಂದು ಪಂದ್ಯಕ್ಕೆ ಎರಡು ಸಾಲು, ತಂಡಕ್ಕೊಂದು. ಕಾಲಂಗಳು ಐದು: ದಿನಾಂಕ, ತಂಡ, ಎದುರಾಳಿ, ಸ್ಥಳ, ಅಂಕಗಳ ಅಂತರ. ತವರಾದರೆ +1, ಎದುರಾಳಿಯ ಅಂಗಳವಾದರೆ −1, ತಟಸ್ಥವಾದರೆ 0. ಕಾಲೇಜಿನ ಹೆಸರನ್ನು ಎಲ್ಲ ಕಡೆ ಒಂದೇ ರೀತಿ ಬರೆಯಿರಿ. ಟೆಕ್ಸಸ್‌ನಲ್ಲೂ ಒಂದು ಟ್ರಿನಿಟಿ ಇದೆ, ಕನೆಕ್ಟಿಕಟ್‌ನಲ್ಲೂ ಒಂದಿದೆ; ಇವೆರಡೂ ಬೆರೆತುಹೋದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ.

ಹಂತ 2: ಕಸ ತೆಗೆಯಿರಿ

ಡಿವಿಷನ್ 3ರ ಹೊರಗಿನ ತಂಡಗಳ ಜೊತೆ ಆಡಿದ ಪಂದ್ಯಗಳನ್ನೆಲ್ಲ ಅಳಿಸಿ. ದೊಡ್ಡ ಡಿವಿಷನ್ 1 ವಿಶ್ವವಿದ್ಯಾಲಯದ ಜೊತೆ ಆಡಿದ ಪಂದ್ಯ ಅವರ ಕಡೆ ಲೆಕ್ಕಕ್ಕಿರುತ್ತದೆ, ಇವರ ಕಡೆ ಎಷ್ಟೋ ಸಲ ಬರೀ ಪ್ರದರ್ಶನ ಪಂದ್ಯ. ಇನ್ನೊಂದು ತುದಿಯಲ್ಲಿ ಪುಟ್ಟ ಬೈಬಲ್ ಕಾಲೇಜುಗಳಿವೆ. 2012ರ ನವೆಂಬರ್‌ನಲ್ಲಿ ಗ್ರಿನೆಲ್ ಕಾಲೇಜಿನ ಜ್ಯಾಕ್ ಟೇಲರ್ ಒಂದೇ ಪಂದ್ಯದಲ್ಲಿ 138 ಅಂಕ ಹೊಡೆದು ಜಗತ್ತಿನ ಸುದ್ದಿಯಾದದ್ದು ಫೇತ್ ಬ್ಯಾಪ್ಟಿಸ್ಟ್ ಬೈಬಲ್ ಕಾಲೇಜಿನ ಎದುರು. ಟೇಲರ್ ಬುಟ್ಟಿಗೆ ಎಸೆದದ್ದು 108 ಸಲ, ಪಂದ್ಯ ಮುಗಿದದ್ದು 179–104ಕ್ಕೆ. ಅಂಥ 75 ಅಂಕಗಳ ಗೆಲುವು ಲೆಕ್ಕದೊಳಗೆ ನುಸುಳಿದರೆ ಗ್ರಿನೆಲ್‌ನ ಮಿಡ್‌ವೆಸ್ಟ್ ಕಾನ್ಫರೆನ್ಸ್ ಇಡೀ ದೇಶಕ್ಕೇ ದೊಡ್ಡಣ್ಣನಂತೆ ಕಾಣುತ್ತದೆ.

ಉಳಿದ ಪಂದ್ಯಗಳಲ್ಲೂ ಅಂತರಕ್ಕೆ 20ರ ಮಿತಿ ಹಾಕಿ. 38 ಅಂಕದಿಂದ ಗೆದ್ದರೂ 20 ಎಂದೇ ಬರೆಯಿರಿ. ಕೊನೆಯ ಹತ್ತು ನಿಮಿಷ ಬೆಂಚಿನ ಹುಡುಗರು ಆಡಿದ್ದರಿಂದ ತಿಳಿಯುವುದು ಏನೂ ಇಲ್ಲ. ಓವರ್‌ಟೈಮ್‌ಗೆ ಹೋದ ಪಂದ್ಯಕ್ಕೆ ಅಂತರ 1 ಸಾಕು, 40 ನಿಮಿಷದಲ್ಲಿ ಅವರು ಸಮವಾಗಿದ್ದರು ತಾನೆ.

ಹಂತ 3: ತವರಿನ ಲಾಭ ಕಳೆಯಿರಿ

ತವರಿನ ಲಾಭ ಎಷ್ಟೆಂದು ಊಹಿಸಬೇಡಿ, ಲೆಕ್ಕ ಹಾಕಿ. ಎರಡು ಸುತ್ತು ಆಡುವ ಕಾನ್ಫರೆನ್ಸ್‌ನಲ್ಲಿ ಪ್ರತಿ ಜೋಡಿಯೂ ಇಲ್ಲೊಮ್ಮೆ ಅಲ್ಲೊಮ್ಮೆ ಭೇಟಿಯಾಗುತ್ತದೆ. ಹಾಗಾಗಿ ತಂಡಗಳ ಬಲಾಬಲ ತಾನಾಗಿಯೇ ಹೊಡೆದುಹೋಗಿ, ಎಲ್ಲ ಪಂದ್ಯಗಳಲ್ಲಿ ತವರು ತಂಡದ ಸರಾಸರಿ ಅಂತರವೇ ತವರಿನ ಲಾಭವಾಗಿ ಉಳಿಯುತ್ತದೆ. ಅದು 3 ಬಂದಿತೆನ್ನಿ. ಹೊರಗೆ ಹೋಗಿ 5ರಿಂದ ಗೆದ್ದರೆ 8, ಮನೆಯಲ್ಲೇ 5ರಿಂದ ಗೆದ್ದರೆ 2, ತಟಸ್ಥ ಅಂಗಳದಲ್ಲಿ 5 ಐದೇ. ನೆಸ್ಕ್ಯಾಕ್‌ನಂತೆ ಒಂದೇ ಸುತ್ತು ಆಡುವ ಕಡೆ ಈ ಉಪಾಯ ನಡೆಯದು, ಬೇರೆ ಕಾನ್ಫರೆನ್ಸ್‌ಗಳಿಂದ ಸಿಕ್ಕ ಅಂಕಿ ಎರವಲು ತನ್ನಿ.

ಹಂತ 4: ಸೇತುವೆಗಳನ್ನು ಹುಡುಕಿ

ಹೆಚ್ಚಿನವರು ಎಡವುವುದು ಇಲ್ಲಿಯೇ, ಆದ್ದರಿಂದ ಇಲ್ಲಿ ನಿಧಾನ ಮಾಡಿ.

ಕಾನ್ಫರೆನ್ಸ್ ಒಳಗಿನ ಪಂದ್ಯಗಳಲ್ಲಿ ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಲೇಬೇಕು. ಇಡೀ ಗುಂಪಿನ ಗೆಲುವು-ಸೋಲು ಕೂಡಿದರೆ ಎಂದೆಂದಿಗೂ ಅರ್ಧಕ್ಕರ್ಧ. ದೇಶದ ಅತ್ಯುತ್ತಮ ಗುಂಪಿನಲ್ಲೂ ಅಷ್ಟೇ, ಅತಿ ಕಳಪೆ ಗುಂಪಿನಲ್ಲೂ ಅಷ್ಟೇ. ಹೀಗಾಗಿ ಒಳಗಿನ ಪಂದ್ಯಗಳು ಮನೆಯೊಳಗೆ ಯಾರು ದೊಡ್ಡವರು, ಯಾರು ಚಿಕ್ಕವರು ಎಂದಷ್ಟೇ ಹೇಳಬಲ್ಲವು. ಮನೆ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಹೊರಗಿನವರ ಜೊತೆ ಆಡಿದ ಪಂದ್ಯಗಳೇ ಹೇಳಬೇಕು.

ಆ ಸೇತುವೆಗಳು ಎಲ್ಲರಿಗೂ ಸಮನಾಗಿಲ್ಲ. ಋತುವಿಗೆ 25 ಪಂದ್ಯಗಳ ಮಿತಿಯಿದೆ. ಇಲಿನಾಯ್ ಮತ್ತು ವಿಸ್ಕಾನ್ಸಿನ್‌ನ ಒಂಬತ್ತು ಕಾಲೇಜುಗಳ ಸಿಸಿಐಡಬ್ಲ್ಯುನಲ್ಲಿ ಪ್ರತಿ ತಂಡ ಒಳಗೇ 16 ಆಡುತ್ತದೆ, ಹೊರಗಿನವರ ಜೊತೆ ಆಡಲು ಉಳಿಯುವುದು ಒಂಬತ್ತು. ಹನ್ನೊಂದು ತಂಡಗಳ ನೆಸ್ಕ್ಯಾಕ್‌ನಲ್ಲಿ ಒಳಗಿನವು ಹತ್ತೇ, ಹೊರಗಿನವು ಹದಿನಾಲ್ಕರ ಆಸುಪಾಸು. ಸಿಸಿಐಡಬ್ಲ್ಯುಗೆ 81 ಸೇತುವೆ, ನೆಸ್ಕ್ಯಾಕ್‌ಗೆ ಸುಮಾರು 150.

ಸಂಖ್ಯೆಗಿಂತ ದೊಡ್ಡ ತೊಡಕು ಇನ್ನೊಂದಿದೆ. ಈ ಕಾಲೇಜುಗಳು ಹೆಚ್ಚಾಗಿ ಬಸ್ಸಿನಲ್ಲಿ ಓಡಾಡುವಂಥವು. ಬಾಸ್ಟನ್ ಕಡೆಯವರು ಬಾಸ್ಟನ್ ಕಡೆಯವರ ಜೊತೆ, ವಿಸ್ಕಾನ್ಸಿನ್‌ನವರು ಮಿನೆಸೋಟ, ಅಯೋವದವರ ಜೊತೆ ಆಡುತ್ತಾರೆ. ಎರಡು ಪ್ರದೇಶಗಳನ್ನು ಜೋಡಿಸುವ ಪಂದ್ಯಗಳು ಬೆರಳೆಣಿಕೆಯಷ್ಟು: ಡಿಸೆಂಬರ್ ರಜೆಯಲ್ಲಿ ಲಾಸ್ ವೇಗಾಸ್‌ನಂಥ ಕಡೆ ನಡೆಯುವ ಕೂಟಗಳು, ಮಾರ್ಚ್‌ನ ರಾಷ್ಟ್ರೀಯ ಟೂರ್ನಿ, ಮತ್ತು ವಿಮಾನ ಹತ್ತಿ ನ್ಯೂಯಾರ್ಕ್‌ನಿಂದ ಅಟ್ಲಾಂಟಾ, ಸೇಂಟ್ ಲೂಯಿಗೆ ಹೋಗಿ ಶುಕ್ರವಾರ-ಭಾನುವಾರ ಆಡುವ ಯುಎಎ. ಲೆಕ್ಕಿಗನಿಗೆ ಯುಎಎ ವರವಿದ್ದಂತೆ. ಅದರ ಎಂಟೂ ಕಾಲೇಜುಗಳು ತಮ್ಮತಮ್ಮ ಊರಿನ ನೆರೆಯವರ ಜೊತೆ ಆಡಿ, ಆಮೇಲೆ ತಮ್ಮೊಳಗೆ ಆಡುವುದರಿಂದ ಪೂರ್ವ, ದಕ್ಷಿಣ, ಮಧ್ಯ ಭಾಗಗಳೆಲ್ಲ ಒಂದೇ ದಾರಕ್ಕೆ ಬರುತ್ತವೆ.

ಹೊರಗಿನ ಪಂದ್ಯಗಳಲ್ಲಿ ಗೆದ್ದ ಶೇಕಡಾವಾರು ಲೆಕ್ಕ ಹಾಕಿ ಅಲ್ಲಿಗೇ ನಿಲ್ಲಿಸುವುದು ಎಲ್ಲರೂ ಹಿಡಿಯುವ ಅಡ್ಡದಾರಿ. ಮೆತ್ತನೆಯ ನೆರೆಹೊರೆಯಿರುವ ಕಾನ್ಫರೆನ್ಸ್ ಅದರಲ್ಲಿ ಸುಲಭವಾಗಿ ಮೇಲೇರುತ್ತದೆ. ಬೇರೆ ಬೇರೆ ಗುಂಪಿನ ಕ್ರಿಕೆಟ್ ತಂಡಗಳನ್ನು ಬರೀ ನೆಟ್ ರನ್ ರೇಟ್ ಹಿಡಿದು ತೂಗಿದ ಹಾಗೆ ಅದು. ಎದುರಾಳಿ ಯಾರು ಎಂಬುದು ಲೆಕ್ಕಕ್ಕೆ ಬರಲೇಬೇಕು.

ಅದನ್ನು ತರುವುದು ಹೀಗೆ. ಎಲ್ಲ ತಂಡಗಳಿಗೂ 0 ಅಂಕದಿಂದ ಶುರು ಮಾಡಿ (ಇಲ್ಲಿ ತಂಡದ ಅಂಕವೆಂದರೆ ಅದರ ಬಲದ ಅಳತೆ, ಪಂದ್ಯದ ಸ್ಕೋರ್ ಅಲ್ಲ). ಪ್ರತಿ ತಂಡದ ಹೊಸ ಅಂಕವೆಂದರೆ ಅದರ ಸರಾಸರಿ ಅಂತರ ಮತ್ತು ಅದರ ಎದುರಾಳಿಗಳ ಸರಾಸರಿ ಅಂಕ, ಇವೆರಡರ ಮೊತ್ತ. ಒಂದು ತಂಡ ಸರಾಸರಿ 8ರಿಂದ ಗೆದ್ದಿದೆ, ಎದುರಾಳಿಗಳ ಸರಾಸರಿ −5. ಅದರ ಅಂಕ 3. ಇನ್ನೊಂದು ತಂಡ ಸರಾಸರಿ 1ರಿಂದ ಸೋತಿದೆ, ಎದುರಾಳಿಗಳ ಸರಾಸರಿ 6. ಅದರ ಅಂಕ 5. ಸೋಲುತ್ತ ಬಂದ ತಂಡವೇ ಮೇಲು! ಈಗ ಎಲ್ಲರ ಅಂಕ ಬದಲಾಗಿರುವುದರಿಂದ ಎದುರಾಳಿಗಳ ಸರಾಸರಿಯೂ ಬದಲಾಗಿದೆ. ಮತ್ತೆ ಲೆಕ್ಕ ಹಾಕಿ, ಯಾರ ಅಂಕವೂ 0.1ಕ್ಕಿಂತ ಹೆಚ್ಚು ಅಲುಗದ ತನಕ ಹಾಕುತ್ತಲೇ ಇರಿ. ಪ್ರತಿ ಸುತ್ತಿನ ಕೊನೆಗೆ ಎಲ್ಲ ತಂಡಗಳ ಸರಾಸರಿಯನ್ನು 0ಗೆ ತಂದು ನಿಲ್ಲಿಸಿ.

ಈ ಲೆಕ್ಕದಲ್ಲಿ ಒಳಗಿನ ಪಂದ್ಯಗಳೂ ಇರಬೇಕು. ‘ಅವು ಎತ್ತರ ಹೇಳುವುದಿಲ್ಲ’ ಎಂದು ಅಳಿಸಿಬಿಡುವವರಿದ್ದಾರೆ. ಒಂದು ಕಾನ್ಫರೆನ್ಸ್‌ನ ಹೊರಗಿನ ಪಂದ್ಯಗಳನ್ನೆಲ್ಲ ಅದರ ಕೆಳಗಿನ ನಾಲ್ಕು ತಂಡಗಳೇ ಕಷ್ಟದ ಎದುರಾಳಿಗಳ ಜೊತೆ ಆಡಿದ್ದರೆ? ಆ ನಾಲ್ಕು ತಂಡಗಳು ಕೆಳಗಿನವು ಎಂದು ತಿಳಿಯುವುದೇ ಒಳಗಿನ ಪಂದ್ಯಗಳಿಂದ. ಇಡೀ ಗುಂಪಿನ ಗೆಲುವು-ಸೋಲು ಹೇಳುವಾಗ ಮಾತ್ರ ಅವನ್ನು ಬಿಡಿ, ತಂಡದ ಅಂಕಕ್ಕೆ ಸೇರಿಸಿ.

ಅಂಕಗಳು ಸ್ಥಿರವಾಗದೆ ಉಯ್ಯಾಲೆಯಾಡಿದರೆ ಹೆದರಬೇಡಿ. ಹಳೆಯ ಅಂಕ ಮತ್ತು ಹೊಸ ಅಂಕದ ಸರಾಸರಿಯನ್ನು ಮುಂದಿನ ಸುತ್ತಿಗೆ ಕೊಟ್ಟರೆ ತಣ್ಣಗಾಗುತ್ತವೆ. ಸ್ಪ್ರೆಡ್‌ಶೀಟ್‌ನ ಸೂತ್ರವನ್ನು ಅದೇ ಕೋಶಕ್ಕೆ ತಿರುಗಿಸಿ ಕಟ್ಟಿದರೆ ಅದು ಎಚ್ಚರಿಕೆ ಕೊಟ್ಟು ನಿಲ್ಲುತ್ತದೆ. ಹಳೆಯ ಅಂಕಕ್ಕೊಂದು, ಹೊಸ ಅಂಕಕ್ಕೊಂದು ಕಾಲಂ ಇಟ್ಟು, ಬರೀ ಸಂಖ್ಯೆಗಳನ್ನು ನಕಲಿಸಿ ಅಂಟಿಸುತ್ತ ಹೋಗುವುದೇ ಮೇಲು. ಇಪ್ಪತ್ತು ಸಲ ಅಂಟಿಸಿದ ಮೇಲೂ ಅಲುಗುತ್ತಿದ್ದರೆ ಇನ್ನಿಪ್ಪತ್ತು ಸಲ ಅಂಟಿಸಿ.

ಸುತ್ತಿ ಬರುವ ಸೇತುವೆ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಉದಾಹರಣೆ. ಕ, ಖ, ಗ ಎಂಬ ಮೂರು ಕಾನ್ಫರೆನ್ಸ್‌ಗಳು ಪರಸ್ಪರ ಹತ್ತು ಹತ್ತು ಪಂದ್ಯ ಆಡಿವೆ. ಖ ಎದುರು ಕ ಸರಾಸರಿ 4 ಮುಂದೆ, ಗ ಎದುರು ಖ 6 ಮುಂದೆ, ಆದರೆ ಗ ಎದುರು ಕ ಎರಡೇ ಮುಂದೆ. ನೇರ ದಾರಿ 2 ಎನ್ನುತ್ತದೆ, ಖ ಮೂಲಕ ಸುತ್ತಿ ಬಂದರೆ 10. ಮೇಲಿನ ವಿಧಾನ ಮೂರನ್ನೂ ತೂಗಿ ಕ-ಗೆ 2, ಖ-ಗೆ 0.67, ಗ-ಗೆ −2.67 ಕೊಡುತ್ತದೆ. ಕ ಮತ್ತು ಗ ನಡುವೆ 4.67 ಅಂಕ. ನೇರ ಪಂದ್ಯಗಳಿಗೆ ಎರಡು ಪಾಲು, ಸುತ್ತುದಾರಿಗೆ ಒಂದು ಪಾಲು ತೂಕ ಸಿಕ್ಕಿದೆ.

ತಂಡಗಳನ್ನು ತೂಗುವ ಹಳೆಯ ಸೂತ್ರವಾದ ಆರ್‌ಪಿಐ ನೋಡಿದರೆ ಆಗದೇ ಎಂದು ಕೇಳುವವರಿಗೆ: ಆಗದು. ತನ್ನ ಗೆಲುವಿಗೆ ಕಾಲು ಭಾಗ, ಎದುರಾಳಿಗಳ ಗೆಲುವಿಗೆ ಅರ್ಧ, ಎದುರಾಳಿಗಳ ಎದುರಾಳಿಗಳಿಗೆ ಕಾಲು ಭಾಗ ಕೊಡುವ ಆ ಸೂತ್ರ ಎರಡೇ ಮೆಟ್ಟಿಲು ಇಳಿದು ನಿಲ್ಲುತ್ತದೆ. ಒಳಗೇ 16 ಆಡುವ ಗುಂಪಿನಲ್ಲಿ ಎದುರಾಳಿಗಳ ಗೆಲುವು ಹೇಗಿದ್ದರೂ ಅರ್ಧದ ಕಡೆಗೆ ಎಳೆಯಲ್ಪಡುತ್ತದೆ, ಗಟ್ಟಿ ಗುಂಪೂ ಮೆತ್ತನೆ ಗುಂಪೂ ಒಂದೇ ಥರ ಕಾಣುತ್ತವೆ. ಡಿವಿಷನ್ 1 ಪುರುಷರ ಆಯ್ಕೆಯಲ್ಲಿ 2018ರಲ್ಲೇ ಅದನ್ನು ಕೈಬಿಟ್ಟಿದ್ದಾರೆ. ಡಿವಿಷನ್ 3ರಲ್ಲಿ 2024–25ರಿಂದ ಬಂದಿರುವ ಎನ್‌ಪಿಐ ಎಂಬ ಹೊಸ ಸೂತ್ರ ಅದಕ್ಕಿಂತ ವಾಸಿ, ಆದರೆ ಅಂಕ ತಗ್ಗಿಸುವ ಗೆಲುವುಗಳನ್ನು ಲೆಕ್ಕದಿಂದ ಬಿಡುವಂಥ ನಿಯಮಗಳು ಅದರಲ್ಲಿವೆ. ಅದು ಟೂರ್ನಿಗೆ ತಂಡ ಆರಿಸುವ ಸಾಧನ, ಗುಂಪುಗಳ ಎತ್ತರ ಅಳೆಯುವ ಕೋಲಲ್ಲ.

ಹಂತ 5: ಸರಾಸರಿಗೆ ಮರುಳಾಗಬೇಡಿ

ತಂಡಗಳ ಅಂಕ ಕೂಡಿ ಭಾಗಿಸಿದರೆ ಕಾನ್ಫರೆನ್ಸ್‌ನ ಸರಾಸರಿ ಬಂತು. ಆದರೆ ಒಂದೇ ಸರಾಸರಿಯ ಎರಡು ಗುಂಪುಗಳು ಬೇರೆ ಬೇರೆ ಥರ ಕಷ್ಟ ಕೊಡುತ್ತವೆ. ಒಂದರಲ್ಲಿ ಎಲ್ಲರೂ 0. ಇನ್ನೊಂದರಲ್ಲಿ ಅರ್ಧ ತಂಡಗಳು +12, ಉಳಿದರ್ಧ −12. ಒಂದು ಪಂದ್ಯದ ಅಂತರ ನಿರೀಕ್ಷೆಯಿಂದ 12 ಅಂಕದಷ್ಟು ಅತ್ತಿತ್ತ ಓಲಾಡುತ್ತದೆ ಎಂದಿಟ್ಟುಕೊಂಡರೆ, +6ರ ತಂಡ ಮೊದಲ ಗುಂಪಿನಲ್ಲಿ ಶೇ 69 ಪಂದ್ಯ ಗೆಲ್ಲುತ್ತದೆ, ಎರಡನೆಯದರಲ್ಲಿ ಶೇ 62. −6ರ ತಂಡಕ್ಕೆ ತಲೆಕೆಳಗು: ಮೊದಲನೆಯದರಲ್ಲಿ ಶೇ 31, ಎರಡನೆಯದರಲ್ಲಿ ಶೇ 38. ಹಾಗಾಗಿ ಸರಾಸರಿಯ ಪಕ್ಕದಲ್ಲಿ ಮೇಲಿನ ಎರಡು, ನಡುವಿನ ಒಂದು, ಕೊನೆಯ ಎರಡು ತಂಡಗಳ ಅಂಕವನ್ನೂ ಬರೆಯಿರಿ. ಒಂದೇ ಸಂಖ್ಯೆ ಬೇಕೆಂದು ಹಟ ಮಾಡುವವರಿಗೆ ನಡುವಿನ ತಂಡದ್ದನ್ನೇ ಕೊಡಿ.

ಹಂತ 6: ತಪ್ಪಿನ ಅಳತೆ ಹೇಳಿ

ಹಿಂದಿನ ಹಂತದ ಓಲಾಟದ 12ನ್ನು ಹೊರಗಿನ ಪಂದ್ಯಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ. 81 ಪಂದ್ಯಕ್ಕೆ 1.3, 150ಕ್ಕೆ 1. ಇಂಥ ಎರಡು ಗುಂಪುಗಳ ವ್ಯತ್ಯಾಸ 3 ಅಂಕಕ್ಕಿಂತ ಕಡಿಮೆಯಿದ್ದರೆ ‘ಸಮ’ ಎಂದು ಬರೆದು ಸುಮ್ಮನಾಗಿ. ಸೇತುವೆ ಕಡಿಮೆಯಿರುವ ದೂರದ ಗುಂಪುಗಳಿಗೆ 5 ಇಟ್ಟುಕೊಂಡರೂ ತಪ್ಪಿಲ್ಲ.

ರಾಷ್ಟ್ರೀಯ ಪ್ರಶಸ್ತಿ ಎಣಿಸಿ ತೀರ್ಪು ಕೊಡುವ ಚಟವನ್ನೂ ಈ ಅಳತೆಯ ಪಕ್ಕದಲ್ಲಿಟ್ಟು ನೋಡಿ. 2023ರ ಫೈನಲ್ ಮುಗಿದದ್ದು 74–72ಕ್ಕೆ. ಎರಡು ಅಂಕದ ಮೇಲೆ ಯಾವ ಮನೆಯನ್ನೂ ಕಟ್ಟಲಾಗದು. ಟೂರ್ನಿಯ 64 ತಂಡಗಳ ಜೋಡಣೆಯಲ್ಲೂ ಪ್ರಯಾಣದ ಖರ್ಚಿನ ಲೆಕ್ಕವಿದೆ, ನೆರೆಯ ಬಲಿಷ್ಠರು ಮೊದಲ ವಾರಗಳಲ್ಲೇ ಒಬ್ಬರನ್ನೊಬ್ಬರು ಮನೆಗೆ ಕಳಿಸುತ್ತಾರೆ. ಆದರೂ 2012ರಿಂದ 2019ರ ಎಂಟು ಪ್ರಶಸ್ತಿಗಳಲ್ಲಿ ನಾಲ್ಕನ್ನು ವಿಸ್ಕಾನ್ಸಿನ್‌ನ ಸರ್ಕಾರಿ ವಿಶ್ವವಿದ್ಯಾಲಯಗಳ ಡಬ್ಲ್ಯುಐಎಸಿ ಒಯ್ದಿತು, ಅದೂ ವೈಟ್‌ವಾಟರ್, ಸ್ಟೀವನ್ಸ್ ಪಾಯಿಂಟ್, ಆಶ್ಕಾಶ್ ಎಂಬ ಮೂರು ಬೇರೆ ಬೇರೆ ಕ್ಯಾಂಪಸ್‌ಗಳಿಂದ. ಒಂದೇ ಕಾಲೇಜು ನಾಲ್ಕು ಗೆದ್ದಿದ್ದರೆ ಅದು ಕಾಲೇಜಿನ ಬಲ. ಮೂವರು ಗೆದ್ದದ್ದು ಗುಂಪಿನ ಬಗ್ಗೆ ಏನೋ ಹೇಳುತ್ತದೆ.

ಹಳೆಯ ವರ್ಷಗಳನ್ನು ಕೂಡಿಸುವಾಗ ಆಯಾ ವರ್ಷದ ಸದಸ್ಯರ ಪಟ್ಟಿಯನ್ನೇ ಬಳಸಿ. 2016ರ ಚಾಂಪಿಯನ್ ಸೇಂಟ್ ಥಾಮಸ್ 2021ರಲ್ಲಿ ನೇರ ಡಿವಿಷನ್ 1ಕ್ಕೆ ಹಾರಿತು. ಅದಿದ್ದ ಮಿನೆಸೋಟದ ಎಂಐಎಸಿಯ ಹಳೆಯ ಸರಾಸರಿ ಇಂದಿನ ಎಂಐಎಸಿಗೆ ಹೊಂದದು. 2020ರ ಟೂರ್ನಿ ಕೋವಿಡ್‌ನಿಂದ ನಡುವೆಯೇ ನಿಂತಿತು, 2021ರಲ್ಲಿ ನಡೆಯಲೇ ಇಲ್ಲ. ಮೂರು ವರ್ಷಕ್ಕಿಂತ ಹಿಂದೆ ಹೋಗಬೇಡಿ. ನಾಲ್ಕು ವರ್ಷಕ್ಕೆ ಆಟಗಾರರೆಲ್ಲ ಪದವಿ ಪಡೆದು ಹೊರಟಿರುತ್ತಾರೆ.

ಲೆಕ್ಕ ಹಾಕಲು ಒಳ್ಳೆಯ ಸಮಯ ಜನವರಿಯ ಎರಡನೇ ವಾರ. ಬಹುತೇಕ ಕಡೆ ಹೊರಗಿನ ಪಂದ್ಯಗಳು ಆ ಹೊತ್ತಿಗೆ ಮುಗಿದಿರುತ್ತವೆ. ಅಲ್ಲಿಂದ ಫೆಬ್ರುವರಿ ಕೊನೆಯ ತನಕ ಒಳಗಿನವರೇ ಹೊಡೆದಾಡುವುದರಿಂದ ತಂಡಗಳ ಅಂಕ ಮೇಲೆ ಕೆಳಗೆ ಆದೀತು, ಗುಂಪಿನ ಎತ್ತರ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಫೆಬ್ರುವರಿಯಲ್ಲಿ ಯಾರಾದರೂ ‘ಈ ತಿಂಗಳು ನಮ್ಮ ಕಾನ್ಫರೆನ್ಸ್ ಬಹಳ ಸುಧಾರಿಸಿದೆ’ ಎಂದರೆ, ಯಾರ ಎದುರು ಎಂದು ಕೇಳಿ.