ಗೋಪುರ ಮಾರಿದೆ, ಮಣ್ಣು ತರಿಸಿದೆ

"ಚಿಕ್ಕ ಮಕ್ಕಳನ್ನು ಎರಡು ಗಂಟೆ ಹೊರಗೆ ಬಿಟ್ಟರೆ ಮೊದಲು ಒಳಗೆ ಓಡಿ ಬರೋದು ನೀವೇ" ಎಂದು ಜೊತೆಯಲ್ಲಿ ಕೆಲಸ ಮಾಡುವವರು ನಕ್ಕಿದ್ದರು. ಮೂರು ವರ್ಷ ಆಯ್ತು. ಈಗ ಅವರೇ ತಮ್ಮ ಗುಂಪು ಕಟ್ಟಿಕೊಂಡು ನನ್ನ ಅಂಗಳಕ್ಕೆ ಬರುತ್ತಾರೆ. ಅದಕ್ಕೇ ಈ ಬರಹ: ಚಿಕ್ಕ ಮಕ್ಕಳನ್ನು ಎರಡು ಗಂಟೆ ಹೊರಗೆ ಆಡಲು ಬಿಡೋದನ್ನು ನಾನು ಹೇಗೆ ಕಲಿತೆ ಅಂತ. ಹೊರಗೆ ಆಡೋದು ಯಾಕೆ ಒಳ್ಳೆಯದು ಅನ್ನೋದು ನಿಮಗೆಲ್ಲ ಗೊತ್ತಿರುವುದೇ, ಅದನ್ನು ಬಿಡೋಣ.

ನನ್ನದು ನಾಲ್ಕರಿಂದ ಏಳು ವರ್ಷದ ಮಕ್ಕಳ ಗುಂಪು. ಸುಮಾರು 22 ಮಕ್ಕಳು, ಇಬ್ಬರು ದೊಡ್ಡವರು. ಮೊದಲ ವರ್ಷ ಕೈಯಲ್ಲಿದ್ದ ದುಡ್ಡಿನ ಮುಕ್ಕಾಲು ಪಾಲನ್ನು ಒಂದೇ ಸಾಮಾನಿಗೆ ಸುರಿದೆ: ಜಾರುಬಂಡೆ, ಏಣಿ, ಸುರಂಗ ಎಲ್ಲ ಸೇರಿದ ಬಣ್ಣಬಣ್ಣದ ಪ್ಲಾಸ್ಟಿಕ್ ಗೋಪುರ. ಎರಡು ವಾರ ಸಾಲು ನಿಂತರು. ಮೂರನೇ ವಾರದಿಂದ ಜಾರುವ ಕಡೆಯಿಂದ ಹತ್ತೋದು, ತಳ್ಳೋದು, ಅಳೋದು. ಆಮೇಲೆ ಅದು ಒದ್ದೆ ಟವೆಲ್ ಒಣಗಿಸುವ ಜಾಗ ಆಯ್ತು. ಮಕ್ಕಳೆಲ್ಲ ಎಲ್ಲಿದ್ದರು ಅಂದರೆ, ಗೋಡೆ ರಿಪೇರಿ ಮುಗಿದು ಮೂಲೆಯಲ್ಲಿ ಉಳಿದಿದ್ದ ಮರಳಿನ ಗುಡ್ಡೆ ಮೇಲೆ!

ಎರಡನೇ ಸೋಲು ವರ್ಕ್‌ಶೀಟ್. ಐದು ತರದ ಎಲೆ ಹುಡುಕು, ಬಣ್ಣ ಹಚ್ಚು, ಅಂಥದ್ದು. ರಾತ್ರಿ ಕೂತು ಬರೆದಿದ್ದೆ. ಹತ್ತು ನಿಮಿಷದಲ್ಲಿ ಮುಗಿಸಿ ತಂದುಕೊಟ್ಟ ಒಬ್ಬಳು "ಈಗ ಆಡಬಹುದಾ?" ಅಂದಳು. ಮಾರನೇ ದಿನದಿಂದ ಅದು ಬಂದ್.

ಕೊನೆಗೆ ಕೈ ಹಿಡಿದದ್ದು ಸಮಯ. ಮೊದಲೆಲ್ಲ 40 ನಿಮಿಷಕ್ಕೆ ಗಂಟೆ ಹೊಡೆಯುತ್ತಿದ್ದೆ. ಯಾಕೆ ಅಂದರೆ ಸರಿಯಾಗಿ ಆಗಲೇ ಜಗಳ ಶುರುವಾಗುತ್ತಿತ್ತು. ಒಂದು ದಿನ ಬೇರೆ ಕೆಲಸದಲ್ಲಿ ಸಿಕ್ಕಿಹಾಕಿಕೊಂಡು ಗಂಟೆ ಹೊಡೆಯೋದು ಮರೆತೆ, ನೋಡಿದರೆ ಜಗಳ ತಾನೇ ಮುಗಿದು, ಜಗಳ ಆಡಿದವರೇ ಸೇರಿ ಕಾಲುವೆ ತೋಡುತ್ತಿದ್ದರು. ನಿಜವಾದ ಆಟ ಶುರುವಾಗೋದು ಆ ಜಗಳದ ಆಚೆಗೆ, ನಾನು ಒಂದು ವರ್ಷ ಪೂರ್ತಿ ಅದನ್ನೇ ಕತ್ತರಿಸಿ ಬಿಸಾಕಿದ್ದೆ. ಈಗ ಎರಡು ಗಂಟೆ, ಒಂದು ನಿಮಿಷವೂ ಕಡಿಮೆ ಇಲ್ಲ.

ಗೋಪುರವನ್ನು ಕೊಂಡ ಬೆಲೆಯ ಮೂರನೇ ಒಂದು ಭಾಗಕ್ಕೆ ಮಾರಿದೆ. ಆ ದುಡ್ಡಲ್ಲಿ ಒಂದು ಲೋಡ್ ಮಣ್ಣು, ಹಳೇ ಟೈರು, ಹಲಗೆ, ಉದ್ದಕ್ಕೆ ಸೀಳಿದ ಪೈಪು ಬಂದವು, ಇನ್ನೂ ಸ್ವಲ್ಪ ಉಳಿಯಿತು. ಇದೇನು ನಾನು ಕಂಡುಹಿಡಿದದ್ದಲ್ಲ ಬಿಡಿ. 1943ರಲ್ಲೇ ಕೋಪನ್‌ಹೇಗನ್‌ನ ಎಮ್‌ಡ್ರುಪ್‌ನಲ್ಲಿ ಸೋರೆನ್ಸನ್ ಎಂಬ ಉದ್ಯಾನ ವಿನ್ಯಾಸಕಾರ ಗುಜರಿ ಸಾಮಾನು ಕೊಟ್ಟು ಮಕ್ಕಳೇ ಕಟ್ಟಿ ಆಡುವ ಜಾಗ ಮಾಡಿದ್ದ. ಆದರೆ ಸಾಮಾನು ಹಾಕಿದರೆ ಸಾಲದು, ಅಳತೆ ಮುಖ್ಯ. ಮೊದಲು ಮೂರು ಮೀಟರ್ ಹಲಗೆ ತಂದಿದ್ದೆ. ಒಂದು ಮಗು ಅದನ್ನು ಹಿಡಿದು ತಿರುಗಿದರೆ ಇನ್ನೊಂದು ತುದಿ ಯಾರದೋ ತಲೆಗೆ! ಅರ್ಧಕ್ಕೆ ಕೊಯ್ಸಿದೆ. ಟೈರಿಗೆ ತೂತು ಕೊರೆಯಿರಿ, ಇಲ್ಲದಿದ್ದರೆ ನೀರು ನಿಂತು ಸೊಳ್ಳೆ. ಹಗ್ಗ ಮಗುವಿನ ತೋಳಿನಷ್ಟು ಉದ್ದ ಸಾಕು, ಅದೂ ಕಣ್ಣೆದುರು ಇರಬೇಕು.

ನೀರಿನ ವಿಷಯದಲ್ಲಿ ನಾನು ಜಿಪುಣ. ಎರಡು ಇಂಚು ನೀರಲ್ಲೂ ಚಿಕ್ಕ ಮಗು ಮುಳುಗಬಹುದು, ಹಾಗಾಗಿ ತುಂಬಿಟ್ಟ ತೊಟ್ಟಿ ಇಲ್ಲವೇ ಇಲ್ಲ. ದಿನಕ್ಕೆ ನಾಲ್ಕು ಬಕೆಟ್, ನಾವೇ ಕೊಡೋದು. ಕಡಿಮೆ ಕೊಟ್ಟಿದ್ದಕ್ಕೇ ಆಟ ಚೆನ್ನಾಯ್ತು ಅನ್ನೋದು ನನ್ನ ಲೆಕ್ಕ. ನೀರು ಸೋರದ ಕಾಲುವೆ ಕಟ್ಟಲೇಬೇಕಲ್ಲ!

ಮಧ್ಯೆ ಒಂದು ಪ್ರಯೋಗ. ಮಳೆ ನಿಂತ ಮೇಲೆ ಹೊಂಡದ ನೀರಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು, ಅರ್ಧ ಗಂಟೆಗೊಂದು. ಹೊಂಡ ಕುಗ್ಗುತ್ತಾ ಹೋಯ್ತು. ನೆಲ ಕುಡೀತು ಅಂತ ಒಬ್ಬ, ಬಿಸಿಲು ಕುಡೀತು ಅಂತ ಇನ್ನೊಬ್ಬಳು. ತಟ್ಟೆಯಲ್ಲಿ ನೀರಿಟ್ಟು ನೋಡಿದೆವು. ಅದೂ ಕಡಿಮೆ ಆಯ್ತು. "ಇರುವೆ ಕುಡಿದಿರತ್ತೆ" ಅಂತ ವಾದ! ಗಾಜಿನ ಮುಚ್ಚಳ ಹಾಕಿ ಬಿಸಿಲಲ್ಲಿ ಇಟ್ಟೆವು. ಮುಚ್ಚಳದ ಒಳಗೆ ಹನಿ ಕೂತದ್ದು ನೋಡಿ ಎಲ್ಲರೂ ಸುಮ್ಮನಾದರು. ಆ ವಾರ ನಾನು ಪಾಠ ಅಂತ ಬೇರೇನೂ ಮಾಡಲಿಲ್ಲ.

ಪೋಷಕರ ದೂರು ಬಟ್ಟೆಯದ್ದು. ಒಂದು ಜೊತೆ ಹಳೇ ಬಟ್ಟೆ ಇಲ್ಲೇ ಬಿಡಿ ಅಂದೆ, ಅರ್ಧ ಗಲಾಟೆ ನಿಂತಿತು. ಉಳಿದ ದುಡ್ಡಲ್ಲಿ ರಬ್ಬರ್ ಬೂಟು ಕೊಂಡದ್ದು ಮಾತ್ರ ಶುದ್ಧ ದಂಡ. ವರ್ಷದ ಕೊನೆಗೆ ಎಡಗಾಲಿನವು ಮಾತ್ರ ಉಳಿದವು. ಪೆಟ್ಟು? ತರಚು ಗಾಯ ಲೆಕ್ಕವಿಲ್ಲ. ಮರ ಹತ್ತೋದಕ್ಕೆ ಒಂದೇ ನಿಯಮ, ಯಾರೂ ಯಾರನ್ನೂ ಎತ್ತಿ ಕೂರಿಸಬಾರದು, ಹತ್ತಲು ಬಂದವರಿಗೆ ಇಳಿಯಲೂ ಬರುತ್ತದೆ ಹೆಚ್ಚುಕಮ್ಮಿ. ದೊಡ್ಡ ಪೆಟ್ಟು ಅಂತ ಆಗಿದ್ದು ಒಂದೇ, ಮಣಿಕಟ್ಟು ಉಳುಕಿದ್ದು, ಅದೂ ನನ್ನದು.

ಎರಡು ಗಂಟೆ ಆದ ಮೇಲೆ ಕೂಗದೆ, ಶಿಳ್ಳೆ ಹಾಕದೆ ಎಲ್ಲರನ್ನೂ ಒಳಗೆ ಕರೆತರೋದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅದು ಮಾತ್ರ ಹೇಳಲ್ಲ. ಬಂದು ನೋಡಿ.

ಈಗಿನ ತಲೆನೋವು ಗುಂಡಿ. ಪಾತಾಳದ ತನಕ ಅಗೆಯಬೇಕಂತೆ. ಸಡಿಲ ಮಣ್ಣಿನ ಗೋಡೆ ಕುಸಿಯುತ್ತದೆ, ಅದಕ್ಕೆ ಅತಿ ಚಿಕ್ಕ ಮಗುವಿನ ಮೊಣಕಾಲು ದಾಟಿದರೆ ಮುಚ್ಚಿಬಿಡುತ್ತೇನೆ. ಅವರು ಮತ್ತೆ ಅಗೆಯುತ್ತಾರೆ. ಮೊನ್ನೆ ತಳದಲ್ಲಿ ಒಂದು ಬಲಗಾಲಿನ ಬೂಟು ಸಿಕ್ಕಿತು.