ಅಪ್ಪನ ಎಪ್ಪತ್ತಕ್ಕೆ ಪೋರ್ಷೆ ಮ್ಯೂಸಿಯಂ

ಅಪ್ಪ ಬೆಂಗಳೂರಿನ ಆಡುಗೋಡಿಯ ಮೈಕೋದಲ್ಲಿ 32 ವರ್ಷ ದುಡಿದವರು. ಎಂಜಿನ್ನಿಗೆ ಡೀಸೆಲ್ ತಳ್ಳುವ ಪಂಪಿನ ಒಳಗೆ ಕೂರುವ ಎಲಿಮೆಂಟ್, ಅಂದರೆ ಪ್ಲಂಜರ್ ಮತ್ತು ಬ್ಯಾರೆಲ್‌ನ ಜೋಡಿ, ಮಾಡುವುದು ಅವರ ಕೆಲಸ. ಮೈಕೋ ಅಂದರೆ ಜರ್ಮನಿಯ ಬಾಷ್‌ನ ಭಾರತದ ಕಂಪನಿ. 2008ರಲ್ಲಿ ಅದರ ಹೆಸರೂ ಬಾಷ್ ಅಂತಲೇ ಬದಲಾಯಿತು, ನಮ್ಮ ಮನೆಯಲ್ಲಿ ಮಾತ್ರ ಇವತ್ತಿಗೂ ಮೈಕೋನೇ. ಅಪ್ಪ ಒಂದು ಕಾರು ಕೊಂಡವರಲ್ಲ. ಆದರೆ ರಸ್ತೆಯಲ್ಲಿ ಲಾರಿ ಹೋದರೆ ಸದ್ದು ಕೇಳಿಯೇ ಪಂಪಿನ ಟೈಮಿಂಗ್ ಸರಿ ಇದೆಯೋ ಇಲ್ಲವೋ ಹೇಳುತ್ತಿದ್ದರು.

ನಾನು ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಲುಡ್ವಿಗ್ಸ್‌ಬುರ್ಗ್‌ನಲ್ಲಿದ್ದೇನೆ. ಅಪ್ಪನಿಗೆ ಸ್ಟುಟ್‌ಗಾರ್ಟ್ ಅಂದರೆ ಬಾಷ್‌ನ ಊರು, ಅವರ ಕೆಲಸದ ಡ್ರಾಯಿಂಗ್ ಬರುತ್ತಿದ್ದ ಊರು. ಅವರಿಗೆ ಎಪ್ಪತ್ತು ತುಂಬುವ ದಿನ ಆ ಊರಲ್ಲೇ ಇರಬೇಕು ಅಂತ ನನಗೆ ಆಸೆ. ಭೀಮರಥ ಶಾಂತಿ ಬಿಟ್ಟು ಇದೇನು ಅಂತ ಅಮ್ಮ ಮೊದಲು ಒಪ್ಪಲಿಲ್ಲ. ಶಾಂತಿಯನ್ನು ಊರಿಗೆ ಹೋದ ಮೇಲೆ ಮಾಡಿಸೋಣ ಅಂತ ಮಾತಾಯಿತು.

ವೀಸಾ ಓಡಾಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕನಿಷ್ಠ 30,000 ಯೂರೋದ ಪ್ರಯಾಣ ವಿಮೆ ಕಡ್ಡಾಯ. ವಯಸ್ಸಾದವರಿಗೆ ಅದನ್ನು ಮಾಡಿಸುವಾಗ ಹಳೆಯ ಕಾಯಿಲೆಗಳ ಸಾಲನ್ನು ಗಮನವಿಟ್ಟು ಓದಿ. ಬಂದಿಳಿದ ಮೇಲೆ ನಾಲ್ಕು ದಿನ ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ನಿದ್ದೆ ಸರಿಹೋಗುವ ತನಕ ಏನು ತೋರಿಸಿದರೂ ಅವರಿಗೆ ಅದು ಸುಸ್ತೇ.

ಸ್ಟುಟ್‌ಗಾರ್ಟ್‌ನಲ್ಲಿ ಮರ್ಸಿಡಿಸ್ ಮ್ಯೂಸಿಯಂ ಕೂಡ ಇದೆ, ಬಹಳ ದೊಡ್ಡದು. ನಾನು ಪೋರ್ಷೆ ಆರಿಸಿದ್ದು ಅಪ್ಪನ ಮಂಡಿ ನೋಡಿ. ಅಲ್ಲಿರುವುದು 80ರ ಆಸುಪಾಸು ಗಾಡಿಗಳು. ಕೂತು ಎದ್ದು ನೋಡಿದರೂ ಅರ್ಧ ದಿನ ಸಾಕು.

ಹುಟ್ಟಿದ ತಾರೀಖು ಆ ವರ್ಷ ಸೋಮವಾರ ಬಿದ್ದಿತ್ತು. ಸೋಮವಾರ ಮ್ಯೂಸಿಯಂಗೆ ರಜೆ. ಅಮ್ಮ ಪಂಚಾಂಗ ನೋಡಿ, ಅಪ್ಪನ ಜನ್ಮ ನಕ್ಷತ್ರ ಗುರುವಾರ ಅಂದರು. ಅದೇ ದಿನ ಗಟ್ಟಿಯಾಯಿತು. ಬೆಳಿಗ್ಗೆ ಮನೆಯಲ್ಲಿ ದೀಪ ಹಚ್ಚಿ, ಶಾವಿಗೆ ಪಾಯಸ ಮಾಡಿ, ಡಬ್ಬಿಗೆ ಚಿತ್ರಾನ್ನ ತುಂಬಿಕೊಂಡು ಹೊರಟೆವು. ಝುಫನ್‌ಹೌಸನ್‌ನಲ್ಲಿ ಎಸ್6 ರೈಲಿಗೆ ಬದಲಿಸಿ ನಾಯ್‌ವಿರ್ಟ್ಸ್‌ಹೌಸ್‌ನಲ್ಲಿ ಇಳಿದರೆ ಮ್ಯೂಸಿಯಂ ಎದುರಿಗೇ ಇದೆ. ಅಷ್ಟು ದೊಡ್ಡ ಬಿಳಿ ಕಟ್ಟಡ ಬರೀ ಮೂರು ಕಾಲಿನ ಮೇಲೆ ನಿಂತಿದೆ. ಅಪ್ಪ ಅದರ ಕೆಳಗೆ ನಿಂತು ತಲೆ ಎತ್ತಿ ಸುಮಾರು ಹೊತ್ತು ನೋಡಿದರು.

ಮೇಲೆ ಹೋದ ತಕ್ಷಣ ಸಿಗುವುದು 1939ರ ಟೈಪ್ 64. ಬಣ್ಣ ಇಲ್ಲ, ಗಾಜಿಲ್ಲ. ಬರೀ ಅಲ್ಯೂಮಿನಿಯಂ ಬಾಡಿ. ಬರ್ಲಿನ್‌ನಿಂದ ರೋಮ್‌ಗೆ ಓಡಬೇಕಿದ್ದ ರೇಸಿಗೆ ಮಾಡಿದ ಗಾಡಿ ಅದು, ಯುದ್ಧ ಶುರುವಾಗಿ ರೇಸೇ ನಡೆಯಲಿಲ್ಲ. ಅಪ್ಪ ಬಗ್ಗಿ ತಗಡಿನ ತಿರುವುಗಳನ್ನೇ ನೋಡುತ್ತಿದ್ದರು. ಮುಂದೆ ಪೋರ್ಷೆ 356 ಮಾದರಿಯ ಮೊದಲ ಕಾರು, 1948ರದು. ಆಸ್ಟ್ರಿಯಾದ ಗ್ಮುಂಡ್ ಅನ್ನುವ ಪುಟ್ಟ ಊರಲ್ಲಿ ಕಟ್ಟಿದ್ದು. 585 ಕೆಜಿ ತೂಕ, 35 ಅಶ್ವಶಕ್ತಿ. "ನಮ್ಮ ಮಾರುತಿ 800ಕ್ಕಿಂತ ಕಮ್ಮಿ ಪವರ್ ಅಲ್ವಾ ಇದು!" ಅಂತ ಅಪ್ಪನಿಗೆ ಬಹಳ ಖುಷಿ. 1970ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆ ರೇಸಿನಲ್ಲಿ ಪೋರ್ಷೆಗೆ ಮೊದಲ ಗೆಲುವು ತಂದುಕೊಟ್ಟ ರೇಸ್ ಕಾರು 917ರ ಸಾಲಿನಲ್ಲಿ ಅವರಿಗೆ ಹಿಡಿಸಿದ್ದು ಗೇರ್ ಗುಂಡು. ತೂಕ ಉಳಿಸಲು ಅದನ್ನು ಹಗುರವಾದ ಬಾಲ್ಸಾ ಮರದಲ್ಲಿ ಮಾಡಿದ್ದಾರೆ. ಉಳಿದ ರೇಸ್ ಕಾರುಗಳನ್ನು ಬೇಗ ದಾಟಿದೆವು.

ನಾನು ಅಪ್ಪನಿಗೆ ತೋರಿಸಲೇಬೇಕು ಅಂದುಕೊಂಡಿದ್ದು ಒಂದೇ ಕಾರು, 911 ಕರೇರಾ ಆರ್‌ಎಸ್ 2.7. 1972ರ ಪ್ಯಾರಿಸ್ ಮೋಟಾರ್ ಶೋಗೆ ಬಂದದ್ದು. ಹಿಂದೆ ಬಾತುಕೋಳಿ ಬಾಲದ ಹಾಗೆ ಒಂದು ರೆಕ್ಕೆ ಇರುತ್ತದೆ. 500 ಕಾರು ಮಾರಿದರೆ ಸಾಕು ಅಂದುಕೊಂಡವರು ಕೊನೆಗೆ 1,580 ಮಾಡಿದರು. ನನಗೆ ಬೇಕಿದ್ದದ್ದು ಅದರ ಎಂಜಿನ್. ಅದಕ್ಕೆ ಪೆಟ್ರೋಲ್ ಕೊಡುವುದು ಬಾಷ್‌ನ ಮೆಕ್ಯಾನಿಕಲ್ ಪಂಪು, ಅಪ್ಪ ಮಾಡುತ್ತಿದ್ದ ಡೀಸೆಲ್ ಪಂಪಿನ ಹತ್ತಿರದ ನೆಂಟ. ಆದರೆ ಕಾರಿನ ಹಿಂದಿನ ಮುಚ್ಚಳ ಮುಚ್ಚಿತ್ತು. ನನಗೆ ತುಂಬಾ ಬೇಜಾರಾಯಿತು.

ಪಂಪು ಸಿಕ್ಕಿದ್ದು ಕೆಳಗೆ. ಪ್ರವೇಶದ ಅಂತಸ್ತಿನಲ್ಲಿ ಗಾಜಿನ ಗೋಡೆಯ ಆಚೆ ವರ್ಕ್‌ಶಾಪ್ ಇದೆ. ಈ ಮ್ಯೂಸಿಯಂನ ಕಾರುಗಳನ್ನು ಆಗಾಗ ಹೊರಗೆ ಓಡಿಸುತ್ತಾರೆ, ಹಾಗಾಗಿ ಅವುಗಳ ರಿಪೇರಿ ಅಲ್ಲೇ ನಡೆಯುತ್ತದೆ. ಅವತ್ತು ಹಳೆಯ 911ರ ಎಂಜಿನ್ ಒಂದನ್ನು ಸ್ಟ್ಯಾಂಡಿಗೆ ಹಾಕಿದ್ದರು. ಅಪ್ಪನೇ ಮೊದಲು ಕಂಡುಹಿಡಿದರು. "ಪುಟ್ಟಿ, ಪಂಪು ನೋಡು!"

ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ನನಗೆ ವಿವರಿಸಿದರು. ಬಲಗೈ ಬೆರಳು ಪ್ಲಂಜರ್, ಅಂದರೆ ಇಂಧನ ಒತ್ತುವ ಕಡ್ಡಿ; ಎಡಗೈ ಮುಷ್ಟಿ ಬ್ಯಾರೆಲ್, ಅದು ಓಡಾಡುವ ಕೊಳವೆ. ಎರಡರ ಮಧ್ಯೆ ಎರಡು ಮೂರು ಮೈಕ್ರಾನ್ ಜಾಗ, ಅಷ್ಟೆ. ಕೂದಲು ಅದಕ್ಕಿಂತ ಎಷ್ಟೋ ಪಾಲು ದಪ್ಪ. ಒಂದಕ್ಕೊಂದು ಜೋಡಿ ಮಾಡಿ ಲ್ಯಾಪಿಂಗ್, ಅಂದರೆ ನುಣ್ಣಗೆ ಉಜ್ಜಿ ಕೂರಿಸುವ ಕೆಲಸ, ಮಾಡಿರುತ್ತಾರೆ, ಒಂದು ಜೋಡಿಯದನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಪ್ಲಂಜರ್ ಮೇಲೆ ಕೆಳಗೆ ಓಡುವುದು ಮಾತ್ರವಲ್ಲ, ತಿರುಗುತ್ತದೆ ಕೂಡ. ಎಷ್ಟು ತಿರುಗಿತು ಅನ್ನುವುದರ ಮೇಲೆ ಎಷ್ಟು ಇಂಧನ ಹೋಗಬೇಕು ಅನ್ನುವುದು ನಿಂತಿದೆ. ಇಷ್ಟು ವರ್ಷ ಅವರ ಮಗಳಾಗಿದ್ದೂ ನಾನು ಇದನ್ನು ಕೇಳಿರಲಿಲ್ಲ. ಅವರೂ ಹೇಳಿರಲಿಲ್ಲ. ಅಮ್ಮನೂ ಬಂದು ಪಕ್ಕದಲ್ಲಿ ನಿಂತರು.

ಒಳಗಿದ್ದ ಮೆಕ್ಯಾನಿಕ್ ಅಪ್ಪನ ಬೆರಳಾಟ ನೋಡಿದರು. ಸ್ವಲ್ಪ ಹೊತ್ತಿಗೆ ಎದ್ದು ಬಂದು, ಪಂಪು ನಮಗೆ ಸರಿಯಾಗಿ ಕಾಣುವ ಹಾಗೆ ಸ್ಟ್ಯಾಂಡನ್ನು ಇತ್ತ ತಿರುಗಿಸಿದರು. ಅಪ್ಪ ಕೈ ಮುಗಿದರು. ಅವರೂ ತಲೆ ಬಾಗಿಸಿ ಮತ್ತೆ ಕೆಲಸಕ್ಕೆ ಕೂತರು. ನಾವು ಅಲ್ಲಿಂದ ಕದಲಲು ಮುಕ್ಕಾಲು ಗಂಟೆ ಹಿಡಿಯಿತು.

ಹೊರಗೆ ಬಂದು ಬೆಂಚಿನ ಮೇಲೆ ಚಿತ್ರಾನ್ನ ತಿಂದೆವು. ಚೌಕದ ನಡುವೆ 24 ಮೀಟರ್‌ವರೆಗೆ ಏರುವ ಮೂರು ಬಿಳಿ ಕಂಬಗಳಿವೆ, ಒಂದೊಂದರ ತುದಿಗೂ ಒಂದು 911. ಅಮ್ಮ ಅದರ ಫೋಟೋ ತೆಗೆದರು. ಅಪ್ಪ ಅತ್ತ ನೋಡಲೂ ಇಲ್ಲ. ಫೋನ್ ತೆಗೆದು ತಮ್ಮ ಸೆಕ್ಷನ್ನಿನ ಹಳೆಯ ಗೆಳೆಯರಿಗೆ ಹಚ್ಚಿದ್ದರು. ಬೆಂಗಳೂರಲ್ಲಿ ಆಗ ರಾತ್ರಿ ಏಳೂವರೆ. "ಎರಡು ಸಾಲು ಕಣಯ್ಯಾ, ಸಾಲಿಗೆ ಮೂರು ಪ್ಲಂಜರ್," ಅನ್ನುತ್ತಿದ್ದರು. "ಪೆಟ್ರೋಲಿಗೆ! ನಮ್ಮದೇ ಎಲಿಮೆಂಟ್ ಥರ ಇದೆ. ಇರು, ಶುರುವಿಂದ ಹೇಳ್ತೀನಿ."